ಅವಧಿ ಮುಗಿದ ಆ್ಯಂಟಿವೈರಸ್ ಅನ್ನು ಪೂರ್ತಿ ತೆಗೆಯುವುದು ಹೇಗೆ?

ಹೊಸ ಲ್ಯಾಪ್‌ಟಾಪ್ ಕೊಂಡು ಕೆಲವು ತಿಂಗಳಾದ ಮೇಲೆ ಪರದೆಯ ಬಲ ಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಕಾಣಿಸಿಕೊಳ್ಳಲು ಶುರುವಾಗುತ್ತದೆ. ‘ನಿಮ್ಮ ರಕ್ಷಣೆಯ ಅವಧಿ ಮುಗಿದಿದೆ, ಕೂಡಲೇ ರಿನ್ಯೂ ಮಾಡಿ.’ ಅದು ಲ್ಯಾಪ್‌ಟಾಪ್ ಜೊತೆಗೇ ಬಂದ ಟ್ರಯಲ್ ಆ್ಯಂಟಿವೈರಸ್. ಇದನ್ನು ನೋಡಿ ಕೆಲವರು ಹೆದರಿ ದುಡ್ಡು ಕಟ್ಟುತ್ತಾರೆ. ಕೆಲವರು ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿ, ತೆಗೆದಾಯಿತು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಅದು ಒಳಗಿರುವಾಗಲೇ ಅಂಗಡಿಯಲ್ಲಿ ಇನ್ನೊಂದನ್ನು ಹಾಕಿಸಿಕೊಂಡು ಬರುತ್ತಾರೆ. ಈಚೆಗೆ ನೆಂಟರ ಮನೆಯ ಪಿಯುಸಿ ಹುಡುಗಿಯ ಲ್ಯಾಪ್‌ಟಾಪ್ ನೋಡಿದೆ. ಎರಡು ಆ್ಯಂಟಿವೈರಸ್, ಮೇಲೊಂದು ‘ಪಿಸಿ ಕ್ಲೀನರ್’. ವರ್ಡ್ ತೆರೆಯುವಷ್ಟರಲ್ಲಿ ಫ್ಯಾನ್ ಬುಸುಗುಡುತ್ತಿತ್ತು. ಪಾಪ, ಅವಳು ಲ್ಯಾಪ್‌ಟಾಪೇ ಕೆಟ್ಟಿದೆ ಅಂದುಕೊಂಡಿದ್ದಳು.

ಮೊದಲು ಒಂದು ವಿಷಯ ಗೊತ್ತಿರಲಿ. 2012ರಲ್ಲಿ ಬಂದ ವಿಂಡೋಸ್ 8ರಿಂದಲೂ ವಿಂಡೋಸ್ ಒಳಗೇ ಆ್ಯಂಟಿವೈರಸ್ ಇದೆ. ಅದರ ಈಗಿನ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ. ಅದನ್ನು ತೆಗೆದರೆ ಮತ್ತೆ ಕೆಲಸ ಶುರು ಮಾಡುತ್ತದೆ. ಹಾಗಾಗಿ ‘ತೆಗೆದರೆ ಕಂಪ್ಯೂಟರ್‌ಗೆ ರಕ್ಷಣೆಯೇ ಇರುವುದಿಲ್ಲ’ ಎಂಬ ಹೆದರಿಕೆ ಬೇಡ. ಮನೆ ಬಳಕೆಗೆ ಡಿಫೆಂಡರ್ ಸಾಕು. ಇದಕ್ಕಾಗಿ ವರ್ಷವರ್ಷ ದುಡ್ಡು ಕಟ್ಟಬೇಡಿ ಎಂದೇ ನಾನು ಹೇಳುವುದು.

ಹಂತ 1: ತೆಗೆಯುವ ಮುಂಚೆ

ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ದುಡ್ಡು ಕಡಿತ ನಿಲ್ಲುವುದಿಲ್ಲ. ಟ್ರಯಲ್ ಶುರು ಮಾಡುವಾಗ ಕಾರ್ಡ್ ಅಥವಾ ಯುಪಿಐ ಕೊಟ್ಟಿದ್ದರೆ ಆ ಕಂಪನಿಯ ಖಾತೆಗೆ ಹೋಗಿ ‘ಆಟೋ ರಿನ್ಯೂವಲ್’ ನಿಲ್ಲಿಸಿ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಎಂಬ ಜಾಗವಿದೆ, ಅಲ್ಲಿಯೂ ರದ್ದು ಮಾಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ತಿಳಿಸಲೇಬೇಕು. ಆ ಎಸ್‌ಎಂಎಸ್ ಓದದೆ ಅಳಿಸಬೇಡಿ.

ಆ್ಯಂಟಿವೈರಸ್ ಜೊತೆ ಬಂದ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಇಟ್ಟಿದ್ದರೆ ಮೊದಲು ಹೊರಗೆ ತೆಗೆದಿಟ್ಟುಕೊಳ್ಳಿ.

ಹಂತ 2: ಅನ್‌ಇನ್‌ಸ್ಟಾಲ್

ಜನ ಎಡವುವುದು ಇಲ್ಲೇ. ಸಾವಕಾಶವಾಗಿ ಮಾಡಿ.

ಸೆಟ್ಟಿಂಗ್ಸ್, ಅಲ್ಲಿ ಆ್ಯಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್. ವಿಂಡೋಸ್ 10 ಆದರೆ ‘ಆ್ಯಪ್ಸ್ ಆ್ಯಂಡ್ ಫೀಚರ್ಸ್’. ಪಟ್ಟಿಯಲ್ಲಿ ಆ ಕಂಪನಿಯ ಹೆಸರು ಹುಡುಕಿ. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ. ಬ್ರೌಸರ್ ರಕ್ಷಣೆ, ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್ ಎಲ್ಲವೂ ಬೇರೆ ಬೇರೆ ಸಾಲುಗಳಲ್ಲಿ ಕೂತಿರಬಹುದು. ಮುಖ್ಯ ಆ್ಯಂಟಿವೈರಸ್ ಮೊದಲು, ಉಳಿದವು ಆಮೇಲೆ. ಪಕ್ಕದ ಮೂರು ಚುಕ್ಕಿ ಒತ್ತಿ (ವಿಂಡೋಸ್ 10ರಲ್ಲಿ ಆ ಹೆಸರಿನ ಮೇಲೆಯೇ ಒತ್ತಿ), ‘ಅನ್‌ಇನ್‌ಸ್ಟಾಲ್’ ಕೊಡಿ.

ಈಗ ಆ ಕಂಪನಿಯದೇ ಒಂದು ಕಿಟಕಿ ತೆರೆಯುತ್ತದೆ. ಇಲ್ಲಿ ಅವಸರ ಬೇಡ. ‘ಉಳಿಸಿಕೊಳ್ಳಿ’ ಎನ್ನುವ ಗುಂಡಿ ದೊಡ್ಡದಾಗಿ, ಬಣ್ಣ ಬಣ್ಣವಾಗಿ ಇರುತ್ತದೆ. ‘ತೆಗೆಯಿರಿ’ ಎನ್ನುವುದು ಕೆಳಗೆಲ್ಲೋ ತೆಳು ಬೂದು ಅಕ್ಷರದಲ್ಲಿ. ರಿಯಾಯಿತಿ ಕೊಡುತ್ತೇವೆ ಎಂದೂ ಕೇಳಬಹುದು, ಕಾರಣ ಹೇಳಿ ಎಂದೂ ಕೇಳಬಹುದು. ಯಾವುದಕ್ಕೂ ಉತ್ತರಿಸುವ ಅಗತ್ಯವಿಲ್ಲ. ಆದರೆ ಟಿಕ್ ಗುರುತಿನ ಚೌಕಗಳನ್ನು ಮಾತ್ರ ಒಂದೊಂದಾಗಿ ಓದಿ. ಒಂದರಲ್ಲಿ ‘ಈ ಪ್ರೋಗ್ರಾಮಿನ ಎಲ್ಲ ಫೈಲ್ ತೆಗೆ’ ಎಂದಿದ್ದರೆ ಟಿಕ್ ಇರಬೇಕು. ಇನ್ನೊಂದರಲ್ಲಿ ‘ಉಚಿತ ಆವೃತ್ತಿ ಇಟ್ಟುಕೋ’ ಎಂದಿದ್ದರೆ ಟಿಕ್ ತೆಗೆಯಬೇಕು. ಇದನ್ನು ಓದದೆ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿದವರ ಲ್ಯಾಪ್‌ಟಾಪ್‌ನಲ್ಲಿ ಮರುದಿನವೂ ಅದೇ ಕೆಂಪು ಪೆಟ್ಟಿಗೆ.

ಇನ್ನೊಂದು ಮಾತು. ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಹೋಗಿ ಫೋಲ್ಡರ್ ಅಳಿಸುವ ಒಳದಾರಿ ಬೇಡವೇ ಬೇಡ. ಆ್ಯಂಟಿವೈರಸ್ ತನ್ನ ಡ್ರೈವರ್‌ಗಳನ್ನು, ಅಂದರೆ ವಿಂಡೋಸ್ ಜೊತೆ ಬೆರೆತು ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್‌ಗಳನ್ನು, ವಿಂಡೋಸ್‌ನ ಆಳದಲ್ಲಿ ಇಟ್ಟಿರುತ್ತದೆ. ಫೋಲ್ಡರ್ ಅರ್ಧ ಅಳಿಸಿದರೆ ಅನ್‌ಇನ್‌ಸ್ಟಾಲರ್ ಕೂಡ ಕೆಲಸ ಮಾಡುವುದಿಲ್ಲ, ಆಮೇಲೆ ಸರಿಯಾದ ದಾರಿಯೂ ಮುಚ್ಚಿಹೋಗುತ್ತದೆ.

ಹಂತ 3: ರೀಸ್ಟಾರ್ಟ್

‘ಶಟ್‌ಡೌನ್’ ಅಲ್ಲ, ‘ರೀಸ್ಟಾರ್ಟ್’. ಎರಡೂ ಒಂದೇ ಅಲ್ವಾ ಎಂದು ಕೇಳುವವರು ಜಾಸ್ತಿ. ಅಲ್ಲ. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಮೊದಲಿನಿಂದಲೇ ಆನ್ ಇರುತ್ತದೆ. ಆಗ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಹಾಗೇ ಉಳಿದಿರುತ್ತದೆ. ಮರುದಿನ ಅದೇ ಮತ್ತೆ ಎದ್ದು ಬರುತ್ತದೆ. ಎಲ್ಲ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಹಂತ 4: ಉಳಿದದ್ದನ್ನು ಗುಡಿಸುವುದು

ಅನ್‌ಇನ್‌ಸ್ಟಾಲ್ ಮಧ್ಯದಲ್ಲಿ ನಿಂತರೆ, ಇಲ್ಲವೇ ರೀಸ್ಟಾರ್ಟ್ ಆದಮೇಲೂ ಆ ಹೆಸರು ಕಾಣಿಸಿದರೆ, ಅದೇ ಕಂಪನಿಯ ತೆಗೆಯುವ ಟೂಲ್ ಬಳಸಿ. ಮ್ಯಾಕಫಿಗೆ ಎಂಸಿಪಿಆರ್ ಇದೆ. ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್. ನಾರ್ಟನ್‌ನ ಟೂಲ್ ತೆಗೆದು ಮತ್ತೆ ಹಾಕುವಂಥದ್ದು. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ‘ರಿಮೂವ್ ಓನ್ಲಿ’ ಆರಿಸಿ.

ಟೂಲನ್ನು ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಅಲ್ಲಿ ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಲೇಬೇಡಿ. ಆ ಕಡೆಯವರು ‘ಎನಿಡೆಸ್ಕ್ ಹಾಕಿ ಸರ್, ನಾವೇ ಸರಿ ಮಾಡ್ತೀವಿ’ ಅಂದರೆ ಕೂಡಲೇ ಫೋನ್ ಇಡಿ. ಎನಿಡೆಸ್ಕ್ ಎಂದರೆ ದೂರದಲ್ಲಿ ಕೂತವರು ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗೆ ಇರುವ ಸಹಾಯವಾಣಿ.

ಟೂಲ್ ‘ಸೇಫ್ ಮೋಡ್‌ನಲ್ಲಿ ನಡೆಸಿ’ (ಅಂದರೆ ತೀರಾ ಅಗತ್ಯವಾದದ್ದಷ್ಟನ್ನೇ ತೆರೆದು ವಿಂಡೋಸ್ ಶುರುವಾಗುವ ಸ್ಥಿತಿಯಲ್ಲಿ) ಎಂದರೆ ಸ್ವಲ್ಪ ನಿಲ್ಲಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿರುತ್ತದೆ. ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊದಲೇ ಫೋನ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ಆ ಕೀ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಖಾತೆಯ ಪಾಸ್‌ವರ್ಡ್ ಕೂಡ ಕೈಯಲ್ಲಿರಲಿ, ಅಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ. ಆಮೇಲೆ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ.

ಈ ಕೆಲಸಕ್ಕೆಂದು ‘ರಿಜಿಸ್ಟ್ರಿ ಕ್ಲೀನರ್’, ‘ಡ್ರೈವರ್ ಅಪ್‌ಡೇಟರ್’ ಹಾಕಿಕೊಳ್ಳಬೇಡಿ. ಸಾವಿರಾರು ತಪ್ಪುಗಳಿವೆ ಎಂದು ಹೆದರಿಸಿ ದುಡ್ಡು ಕೇಳುವುದೇ ಅವುಗಳಲ್ಲಿ ಹಲವುಗಳ ಕಸುಬು.

ಹಂತ 5: ಡಿಫೆಂಡರ್ ಎದ್ದಿದೆಯೇ?

ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಟೈಪ್ ಮಾಡಿ ತೆರೆಯಿರಿ. ಎಡಗಡೆ ಕೆಳಗೆ ಸೆಟ್ಟಿಂಗ್ಸ್, ಅಲ್ಲಿ ‘ಮ್ಯಾನೇಜ್ ಪ್ರೊವೈಡರ್ಸ್’. ಆ್ಯಂಟಿವೈರಸ್ ಎಂಬಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಒಂದೇ ಇದ್ದು, ಆನ್ ಎಂದಿರಬೇಕು. ಹಳೆಯ ಹೆಸರು ಇನ್ನೂ ಇದ್ದರೆ 4ನೇ ಹಂತ ಮತ್ತೊಮ್ಮೆ. ಸರಿ ಇದ್ದರೆ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ ಅಪ್‌ಡೇಟ್ ನೋಡಿ, ಒಂದು ಕ್ವಿಕ್ ಸ್ಕ್ಯಾನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಎಂಬ ಪೆಟ್ಟಿಗೆ ಬರುತ್ತಿದೆಯೇ? ಅದನ್ನು ಸರಿಯಾಗಿ ನೋಡಿ. ಚಿಕ್ಕ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರು, ಜೊತೆಗೆ ಯಾವುದೋ ಗೊತ್ತಿಲ್ಲದ ಜಾಲತಾಣದ ವಿಳಾಸ ಇದ್ದರೆ ಅದು ಆ್ಯಂಟಿವೈರಸ್ ಅಲ್ಲವೇ ಅಲ್ಲ. ಸಿನಿಮಾ ಡೌನ್‌ಲೋಡ್ ಮಾಡಲು ಹೋದಾಗಲೋ, ಕ್ರಿಕೆಟ್ ಲೈವ್ ಹುಡುಕುವಾಗಲೋ ಯಾರೋ ‘ಅಲೋ’ ಒತ್ತಿದ್ದಾರೆ, ಆ ತಾಣ ಈಗ ನೋಟಿಫಿಕೇಶನ್ ಕಳಿಸುತ್ತಿದೆ. ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಬೇಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ಮೇಲೆಯೇ ‘ತಾಣಗಳು ನೋಟಿಫಿಕೇಶನ್ ಕೇಳುವುದೇ ಬೇಡ’ ಎಂಬ ಆಯ್ಕೆಯೂ ಇದೆ. ಮನೆಯಲ್ಲಿ ಹಿರಿಯರು, ಮಕ್ಕಳು ಬಳಸುವ ಕಂಪ್ಯೂಟರ್ ಆದರೆ ಅದನ್ನೇ ಆರಿಸಿ.