‘ಚೆನ್ನಾಗಿವ್ನಿ ಕಣವ್ವ’

ಮದ್ದೂರಿನ ಸುತ್ತ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ಇರುವವರ ಮನೆಗೆ ಹೋಗಿ ಪ್ರಶ್ನೆ ಕೇಳುವುದು ನನ್ನ ಕೆಲಸವಾಗಿತ್ತು. ಕೈಯಲ್ಲಿದ್ದದ್ದು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಹಾಳೆ. 1998ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ಮನಸ್ಸು ಗೆಲುವಾಗಿತ್ತಾ, ನೆಮ್ಮದಿ ಇತ್ತಾ, ಮೈ ಚುರುಕಾಗಿತ್ತಾ, ಬೆಳಿಗ್ಗೆ ಎದ್ದಾಗ ದಣಿವು ಕಳೆದಿರುತ್ತಿತ್ತಾ, ದಿನದಲ್ಲಿ ಆಸೆಯಿಂದ ಮಾಡುವಂಥದ್ದು ಏನಾದರೂ ಇತ್ತಾ. ಒಂದೊಂದಕ್ಕೂ 0ಯಿಂದ 5 ಅಂಕ. ಒಟ್ಟು ಅಂಕವನ್ನು 4ರಿಂದ ಗುಣಿಸಿದರೆ 100ಕ್ಕೆ ಎಷ್ಟು ಅಂತ ಸಿಗುತ್ತದೆ.

ಮೊದಲ ವಾರ ಬಹುತೇಕ ಎಲ್ಲರದೂ 80ರ ಮೇಲೆ. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಕೂತವರೂ ‘ಚೆನ್ನಾಗಿವ್ನಿ ಕಣವ್ವ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಮನೆಗೆ ಬಂದವರು ಹೇಗಿದ್ದೀರಿ ಅಂದರೆ ನಾವೂ ಹಾಗೇ ಹೇಳ್ತೀವಿ, ಅಲ್ವಾ? ನಾನು ಜಗಲಿ ಮೇಲೆ, ಮಗ ಸೊಸೆ ಎದುರಿಗೇ ಕೇಳಿದ್ದೆ. ತಪ್ಪು ನನ್ನದು.

ಆಮೇಲೆ ಹಿತ್ತಲಲ್ಲೋ ಕೊಟ್ಟಿಗೆ ಹತ್ತಿರವೋ ಒಬ್ಬರನ್ನೇ ಕೂರಿಸಿಕೊಂಡು ಕೇಳತೊಡಗಿದೆ. ಎರಡು ವಾರ ಅಂದರೆ ಅಂದಾಜು ಸಿಗುತ್ತಿರಲಿಲ್ಲ, ‘ಹೋದ ಸಂತೆಗಿಂತ ಹಿಂದಿನ ಸಂತೆಯಿಂದ’ ಅಂದರೆ ತಟ್ಟನೆ ಸಿಗುತ್ತಿತ್ತು. ಹದಿನಾಲ್ಕು ಹುಣಸೆ ಬೀಜ ಕೊಟ್ಟೆ, ದಿನಕ್ಕೊಂದು. ಗೆಲುವಾಗಿದ್ದ ದಿನಗಳಷ್ಟನ್ನು ಈ ಕಡೆ ಸರಿಸಿ ಅಂತ ಹೇಳುತ್ತಿದ್ದೆ. ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ ಕಣ್ಣಿಗೇ ಕಾಣುತ್ತಿತ್ತು. ಹಾಳೆಯಲ್ಲಿ ‘ಉಲ್ಲಾಸ’ ಅಂತಿದ್ದದ್ದು ಯಾರಿಗೂ ತಾಕುತ್ತಿರಲಿಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದು ಪದ ಹೇಳಿದರೆ ಅಂಕಗಳನ್ನು ಪಕ್ಕಪಕ್ಕ ಇಡೋಕಾಗಲ್ಲ. ಅದಕ್ಕೆ ‘ಗೆಲುವು’ ಅಂತ ಬರೆದು, ಮೂಲ ನೋಡಿರದ ಒಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಕೂಡುತ್ತದೆ ಅಂತ ಖಚಿತವಾದ ಮೇಲೆ ಎಲ್ಲರಿಗೂ ಅದನ್ನೇ ಕೇಳಿದೆವು. ಮೊದಲ ವಾರದವರ ಮನೆಗೂ ಮತ್ತೆ ಹೋದೆವು.

ಅವರಲ್ಲೊಬ್ಬರು ಅಜ್ಜಿ. ಮೂರು ಬೀಜ ಸರಿಸಿ ಸುಮ್ಮನಾದರು. ಉಳಿದ ಹನ್ನೊಂದನ್ನು ತುಂಬಾ ಹೊತ್ತು ನೋಡಿದರು. ‘ಇವೆಲ್ಲಾ ರಾತ್ರಿ ನಿದ್ದೆ ಇಲ್ದಿರೋವು ಕಣ್ ಮಗ’ ಎಂದರು. ನಾನು ಹಾಳೆ ಮಡಿಸಿಟ್ಟು ಕೇಳಿಸಿಕೊಂಡೆ. ಉಳಿದ ಪ್ರಶ್ನೆಗಳನ್ನು ಆಮೇಲೆ ಕೇಳಿದೆ. ಕೊನೆಗೆ ಬಂದದ್ದು 36. 50ಕ್ಕಿಂತ ಕೆಳಗೆ ಬಂದರೆ ಅದೇ ಖಿನ್ನತೆ ಅಂತಲ್ಲ, ಇನ್ನೂ ವಿಚಾರಿಸಬೇಕು ಅಂತ. ಅಜ್ಜಿಯನ್ನು ಕೇಳಿಯೇ ಆವತ್ತು ಸಂಜೆ ನಮ್ಮ ಡಾಕ್ಟರಿಗೆ ಹೇಳಿದೆ.

ಮೊದಲ ವಾರ ಅವರದು 84 ಇತ್ತು. ಅದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಬರೆದೆ: ‘ಮಗ ಎದುರಿಗಿದ್ದರು.’