ಮೆಂತ್ಯದ ನೀರು ಕುಡಿದು ಕಾಳು ಚೆಲ್ಲಬೇಡಿ

ಕೊಲೆಸ್ಟ್ರಾಲ್ ಜಾಸ್ತಿ ಅಂತ ರಿಪೋರ್ಟ್ ಬಂತು ಅಂದ್ರೆ ಸಾಕು, ನಮ್ಮ ಮೈಸೂರಿನ ಮನೆಗಳಲ್ಲಿ ಅವತ್ತು ರಾತ್ರಿಯೇ ಲೋಟದಲ್ಲಿ ಮೆಂತ್ಯ ನೆನೆಯುತ್ತೆ. ಒಳ್ಳೆಯದೇ. ಆದರೆ ಬೆಳಿಗ್ಗೆ ನೀರು ಕುಡಿದು ಕಾಳನ್ನು ಗಿಡದ ಬುಡಕ್ಕೆ ಸುರಿಯುವವರೇ ಜಾಸ್ತಿ, ಅಲ್ವಾ? ನೆನೆದ ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ, ಲೋಳೆ ಲೋಳೆಯಾಗಿ ಜಾರುತ್ತೆ. ಆ ಲೋಳೆಯೇ ನಾರು, ಕೆಲಸ ಮಾಡುವುದು ಅದೇ. ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹಾಕುತ್ತೆ, ಆಗ ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತೆ. ಬಸ್ಸಾರು ಮಾಡುವಾಗ ಕಟ್ಟು ಬಸಿದುಕೊಂಡು ಸೊಪ್ಪು ಕಾಳು ಚೆಲ್ಲುತ್ತೀವಾ? ಪಲ್ಯ ಮಾಡ್ತೀವಿ. ಮೆಂತ್ಯವೂ ಹಾಗೇ, ಅಗಿದು ತಿನ್ನಿ, ಕಹಿ ತಡೆಯಲಾಗದಿದ್ದರೆ ದೋಸೆ ಹಿಟ್ಟಿಗೆ ರುಬ್ಬಿ ಹಾಕಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಸ್ವಲ್ಪ ಹುಷಾರು, ಮೆಂತ್ಯ ಸಕ್ಕರೆಯನ್ನೂ ಇಳಿಸುತ್ತೆ.

ಇಸಬ್‌ಗೋಲ್ ಕೂಡ ಇದೇ ಥರದ ಲೋಳೆ ನಾರು. ದೊಡ್ಡ ಲೋಟ ನೀರಿನ ಜೊತೆಗೇ ತಗೊಳ್ಳಿ, ಬೇರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿದರೆ ಅದರ ಸತ್ವ ಪೂರ್ತಿ ಸುಟ್ಟು ಹೋಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಸುತ್ತೆ, ಆದರೆ ಸ್ವಲ್ಪವೇ. ಸಾರಿನ ಬೆಳ್ಳುಳ್ಳಿಗೆ ಯಾರೂ ಹೆದರಬೇಕಿಲ್ಲ. ರಕ್ತ ತೆಳುವಾಗಲು ಮಾತ್ರೆ ನುಂಗುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಮಾತ್ರ ಕೇಳದೆ ಶುರು ಮಾಡಬೇಡಿ, ಗಾಯವಾದರೆ ರಕ್ತ ನಿಲ್ಲುವುದು ಕಷ್ಟ.

ಶ್ರೀರಂಗಪಟ್ಟಣದ ಕಡೆ ಕಾವೇರಿ ದಡದಲ್ಲಿ ಹೊಳೆಮತ್ತಿ ಮರ ನೋಡಿರುತ್ತೀರಿ. ಅದರ ಚಕ್ಕೆಯನ್ನು ಹಾಲು ನೀರಲ್ಲಿ ಕುದಿಸಿ ಎದೆಗೆ ಒಳ್ಳೆಯದು ಅಂತ ಕುಡಿಯುವುದು ಹಳೇ ಪದ್ಧತಿ. ನಾನು ಬೇಡ ಅನ್ನಲ್ಲ, ಆದರೆ ಅದನ್ನೇ ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡುವುದು ಮಾತ್ರ ಸುತಾರಾಂ ಬೇಡ. ಬಿಪಿ ಮಾತ್ರೆ ತಗೊಳ್ಳುವವರಂತೂ ಕೇಳಿಯೇ ಕುಡಿಯಿರಿ.

ಇನ್ನು ಆ ಸಾರ, ಈ ಸತ್ವ ಅಂತ ಬಾಟಲಿಗಳು ಬಂದಿವೆಯಲ್ಲ, 'ಗಿಡಮೂಲಿಕೆ, ಅಡ್ಡ ಪರಿಣಾಮ ಇಲ್ಲ' ಅಂತ ಬರೆದಿರುತ್ತಾರೆ. ಸುಮ್ನೆ ಮಾತು. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಕೊಡುವ ಮಾತ್ರೆ) ಲೋವಾಸ್ಟಾಟಿನ್ ಬಂದಿದ್ದೇ ಬೂಷ್ಟಿನಿಂದ. ಕೆಂಪು ಯೀಸ್ಟ್ ಅಕ್ಕಿಯ (ಬೂಷ್ಟು ಬೆಳೆಸಿ ಕೆಂಪಾಗಿಸಿದ ಅಕ್ಕಿ) ಕ್ಯಾಪ್ಸೂಲಿನಲ್ಲೂ ಅದೇ ವಸ್ತು ಇರುತ್ತೆ. ಸ್ಟಾಟಿನ್ ಜೊತೆ ಅದನ್ನೂ ನುಂಗಿದರೆ ಒಂದೇ ಜಾತಿಯ ಔಷಧಿ ಎರಡು ಸಲ ಆಯಿತು, ಮೈ ಕೈ ನೋವು, ಲಿವರ್ ತೊಂದರೆ ಬರಬಹುದು. ಗಟ್ಟಿ ಮಾಡಿದ ಗ್ರೀನ್ ಟೀ ಕ್ಯಾಪ್ಸೂಲಿನಿಂದಲೂ ಕೆಲವರ ಲಿವರ್ ಕೆಟ್ಟಿದೆ.

ಎದೆ ಹಿಂಡಿದಂತಾಗಿ, ಎಡಗೈ ಸೆಳೆದು, ಬೆವರು ಕಿತ್ತುಕೊಂಡು ಬಂದರೆ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಒಟ್ಟು ಸಂಖ್ಯೆಗಿಂತ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟಿದೆ ಅಂತ ನೋಡಿ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಬಾಟಲಿ, ಪುಡಿ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಬಾಯಲ್ಲಿ ಹೆಸರು ಹೇಳಿದರೆ ಅವರಿಗೂ ಗೊತ್ತಾಗಲ್ಲ, ಲೇಬಲ್ ಓದಿದರೆ ಗೊತ್ತಾಗುತ್ತೆ.