ಚೀಲದ ಗಾಳಿಯಲ್ಲಿ 4 ನಿಮಿಷ

ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಉಸಿರಾಟ ಎಷ್ಟು ಜೋರಾಗುತ್ತದೆ? ಎಂ.ಡಿ. ಫಿಸಿಯಾಲಜಿ ಓದುವಾಗ ನನ್ನ ಥೀಸಿಸ್ ಇದರ ಮೇಲೆಯೇ. 1967ರಲ್ಲಿ ರೀಡ್ ಎಂಬ ಸಂಶೋಧಕ ಪ್ರಕಟಿಸಿದ ವಿಧಾನವನ್ನು ಹಿಡಿದುಕೊಂಡೆ. ರಬ್ಬರ್ ಚೀಲದಲ್ಲಿ 7% ಕಾರ್ಬನ್ ಡೈಆಕ್ಸೈಡ್, ಉಳಿದ 93% ಆಕ್ಸಿಜನ್. ಮೂಗಿಗೆ ಕ್ಲಿಪ್, ಬಾಯಲ್ಲಿ ಮೌತ್‌ಪೀಸ್. ಸುಮಾರು 4 ನಿಮಿಷ ಅದೇ ಗಾಳಿಯನ್ನು ಎಳೆದು ಅದಕ್ಕೇ ಬಿಡಬೇಕು.

ಅಷ್ಟೊಂದು ಆಕ್ಸಿಜನ್ ಸುಮ್ನೆ ಹಾಕುವುದಲ್ಲ. ಕುತ್ತಿಗೆಯಲ್ಲಿ ಕ್ಯಾರೋಟಿಡ್ ರಕ್ತನಾಳ ಕವಲೊಡೆಯುವ ಕಡೆ ಅಕ್ಕಿಕಾಳಿನಷ್ಟು ಚಿಕ್ಕ ಗಂಟಿದೆ, ಕ್ಯಾರೋಟಿಡ್ ಬಾಡಿ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಮೆದುಳಿಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ಅದೇ. ಇದರ ಕೆಲಸ ತೋರಿಸಿಕೊಟ್ಟ ಬೆಲ್ಜಿಯಂನ ಹೈಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆಕ್ಸಿಜನ್ ಧಾರಾಳವಾಗಿದ್ದರೆ ಆ ಗಂಟು ಬಹುಮಟ್ಟಿಗೆ ತೆಪ್ಪಗಿರುತ್ತದೆ. ಆಗ ನಮಗೆ ಕಾಣುವುದು ಹೆಚ್ಚಾಗಿ ಮೆದುಳಿನ ಬುಡದ ಮೆಡುಲ್ಲಾ ಕೊಡುವ ಉತ್ತರ. ಮನೆಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಇದನ್ನು ಮಾಡಲು ಹೋಗಬೇಡಿ. ಅದರಲ್ಲಿ ಆಕ್ಸಿಜನ್ನೂ ಮುಗಿಯುತ್ತದೆ, ಪ್ರಾಣಕ್ಕೆ ಅಪಾಯ.

ಯಂತ್ರ ಕಷ್ಟವಲ್ಲ, ಮನುಷ್ಯರೇ ಕಷ್ಟ. "ನಿಮ್ಮ ಉಸಿರಾಟ ಅಳೆಯುತ್ತೇವೆ" ಅಂದ ಕೂಡಲೇ ಉಸಿರಾಟ ಬದಲಾಗುತ್ತದೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಆದಮೇಲೆ ಆ ಮಾತೇ ಎತ್ತುತ್ತಿರಲಿಲ್ಲ. ಮಾನಿಟರನ್ನು ಅವರ ಬೆನ್ನ ಹಿಂದೆ ಇಟ್ಟೆ. ಕೈಗೊಂದು ವಾರಪತ್ರಿಕೆ ಕೊಟ್ಟೆ, ಅದೂ ನಗೆಹನಿ ಇಲ್ಲದ್ದು. ನಕ್ಕರೆ ತುಟಿಯ ಸಂದಿಯಲ್ಲಿ ಗಾಳಿ ಸೋರುತ್ತದಲ್ವಾ! ಕಾಫಿ ಉಸಿರಾಟವನ್ನು ಚುರುಕು ಮಾಡುತ್ತದೆ, ಅದಕ್ಕೇ ಬೆಳಿಗ್ಗೆಯಿಂದ ಕುಡಿದಿರಬಾರದು ಎಂಬ ಷರತ್ತು. ಮೈಸೂರಲ್ಲಿ ಅಂಥವರನ್ನು ಹುಡುಕುವುದೇ ಒಂದು ಸಂಶೋಧನೆ.

ಮೊದಲ ನಿಮಿಷ ಯಾರಿಗೂ ಏನೂ ಅನಿಸುವುದಿಲ್ಲ. ಆಮೇಲೆ ಭುಜ ಏಳುತ್ತದೆ, ಕಿವಿ ಕೆಂಪಾಗುತ್ತದೆ, ಪತ್ರಿಕೆಯ ಪುಟ ತಿರುಗುವುದು ನಿಲ್ಲುತ್ತದೆ. ಬೆರಳಿನ ಆಕ್ಸಿಮೀಟರ್ ಮಾತ್ರ 99 ಅಂತಲೇ ತೋರಿಸುತ್ತಿರುತ್ತದೆ. ಆಕ್ಸಿಜನ್ ತುಂಬಿದ್ದರೂ ಏದುಸಿರು! ಕೈ ಎತ್ತಿದರೆ ತಕ್ಷಣ ನಿಲ್ಲಿಸುತ್ತಿದ್ದೆವು.

ಕಾರ್ಬನ್ ಡೈಆಕ್ಸೈಡ್‌ನ ಒತ್ತಡ (ಬಿ.ಪಿ.ಯಂತೆ ಇದನ್ನೂ ಪಾದರಸದ ಮಿ.ಮೀ.ನಲ್ಲಿ ಅಳೆಯುತ್ತಾರೆ) 1 ಮಿ.ಮೀ. ಏರಿದರೆ ಉಸಿರಾಟ ನಿಮಿಷಕ್ಕೆ 2-3 ಲೀಟರ್ ಜಾಸ್ತಿಯಾಗುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಆದರೆ ಆರೋಗ್ಯವಂತರಲ್ಲೇ ಅಜಗಜಾಂತರ. ಒಬ್ಬರ ಗೆರೆ ಗ್ರಾಫಿನಲ್ಲಿ ಕಡಿದಾಗಿ ಏರಿದರೆ, ಇನ್ನೊಬ್ಬರದ್ದು ಏಳಲೋ ಬೇಡವೋ ಅನ್ನುತ್ತದೆ. ಅದಕ್ಕೇ ಪ್ರತಿಯೊಬ್ಬರನ್ನೂ ಬೇರೆ ದಿನ, ಅದೇ ಹೊತ್ತಿಗೆ ಮತ್ತೆ ಕರೆಸಿ, ಎರಡರ ಸರಾಸರಿ ಬರೆದುಕೊಳ್ಳುತ್ತಿದ್ದೆ.